ಪ್ರೊಸೆಸರ್ ಬದಲಾಯಿಸಿದ ಮೇಲೆ ಕಂಪ್ಯೂಟರ್ ಆನ್ ಆಗ್ತಿಲ್ಲವೇ? ಹೊಸ ಬೋರ್ಡ್ ಕೊಳ್ಳುವ ಮೊದಲು ಇಷ್ಟು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



"ಹೊಸ ಪ್ರೊಸೆಸರ್ ಹಾಕ್ದೆ ಮಾರಾಯ್ರೆ, ಫ್ಯಾನ್ ತಿರ್ಗತ್ತ್, ಡಿಸ್‌ಪ್ಲೇ ಮಾತ್ರ ಬತ್ತಿಲ್ಲೆ. ಪ್ರೊಸೆಸರೇ ಹಾಳಾ ಎಂತ?"

ಕುಂದಾಪುರ, ಬೈಂದೂರು, ಬ್ರಹ್ಮಾವರ ಬದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ನನ್ನ ಟೇಬಲ್ಲಿಗೂ ಇದೇ ಮಾತಿನ ಜೊತೆ ಕ್ಯಾಬಿನೆಟ್‌ಗಳು ಬರುತ್ತವೆ. ಇವತ್ತಿನ ಸಂಚಿಕೆಯಲ್ಲಿ ಇದಕ್ಕೆ ಉತ್ತರ ಹೇಳುತ್ತೇನೆ. ಮನೆಯಲ್ಲೇ ಏನೇನು ನೋಡಬಹುದು, ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿಗೆ ನಿಲ್ಲಿಸಿ ಅಂಗಡಿಗೆ ಒಯ್ಯಬೇಕು, ಇಷ್ಟೇ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಹೊಸ ಪ್ರೊಸೆಸರ್ ಡಬ್ಬದಿಂದಲೇ ಸತ್ತು ಬರುವುದು ತೀರಾ ಅಪರೂಪ. ಅದನ್ನು ಅನುಮಾನಿಸುವುದು ಪಟ್ಟಿಯ ಕೊನೆಗೆ ಇರಲಿ. ಗಾಬರಿಯಲ್ಲಿ ಜನ ಮಾಡಿಕೊಳ್ಳುವ ನಷ್ಟ ಮೂರು ಬಗೆಯದ್ದು. ಸರಿ ಇರುವ ಪ್ರೊಸೆಸರನ್ನು ವಾಪಸ್ ಕಳಿಸುವುದು ಒಂದು. ಸರಿ ಇರುವ ಬೋರ್ಡ್ ತೆಗೆದು ಹೊಸದು ಕೊಳ್ಳುವುದು ಇನ್ನೊಂದು. ಮೂರನೆಯದು ಡಿಸ್ಕ್ ಫಾರ್ಮ್ಯಾಟ್ ಮಾಡುವುದು. ಮೊದಲಿನ ಎರಡರಲ್ಲಿ ದುಡ್ಡು ಹೋಗ್ತದೆ, ಮೂರನೆಯದರಲ್ಲಿ ಹೋದದ್ದು ವಾಪಸ್ ಬರುವುದಿಲ್ಲ.

ಈಗ ಯಾಕೆ ಇಷ್ಟು ಜನ ಪ್ರೊಸೆಸರ್ ಬದಲಾಯಿಸ್ತಿದ್ದಾರೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್‌ನಲ್ಲಿ ಸರಿಸುಮಾರು 8ನೇ ತಲೆಮಾರಿನಿಂದ ಮೇಲೆ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮೇಲೆ, ಅದರಲ್ಲೂ ಪಟ್ಟಿಯಲ್ಲಿ ಹೆಸರಿರುವ ಮಾದರಿಗಳು ಮಾತ್ರ.

ನಮ್ಮಲ್ಲಿ ಡೆಸ್ಕ್‌ಟಾಪ್ ಇರುವುದು ಎಲ್ಲಿ ಅಂತ ಯೋಚಿಸಿ. ಫೋಟೋ ಸ್ಟುಡಿಯೋ, ಡಿಟಿಪಿ ಸೆಂಟರ್, ಗೋಡಂಬಿ ಕಾರ್ಖಾನೆಯ ಆಫೀಸು, ಸೊಸೈಟಿ, ಆಟ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗರ ಮನೆ. ಏಳೆಂಟು ವರ್ಷದ ಹಿಂದೆ ತೆಗೆದ ಮಷಿನ್, ಕೆಲಸಕ್ಕೆ ಈಗಲೂ ಏನೂ ತೊಂದರೆ ಇಲ್ಲ. ಪೂರ್ತಿ ಹೊಸದು ಯಾಕೆ, ಪ್ರೊಸೆಸರ್ ಒಂದನ್ನೇ ಬದಲಾಯಿಸಿದರೆ ಸಾಕಲ್ಲ ಎಂಬ ಲೆಕ್ಕ ತಪ್ಪೇನೂ ಅಲ್ಲ. ಆದರೆ ಆ ಲೆಕ್ಕ ಕೆಲವು ಬೋರ್ಡ್‌ಗಳಲ್ಲಿ ಮಾತ್ರ ಕೂಡುತ್ತದೆ. ಅದಕ್ಕೆ ಆಮೇಲೆ ಬರ್ತೇನೆ. ಈಗಾಗಲೇ ಹಾಕಿ ಕೂತವರಿಗೆ ಮೊದಲು ಹೇಳಬೇಕಾದ್ದು ಉಂಟು.

ಮೊದಲ ಹತ್ತು ನಿಮಿಷ

ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಪವರ್ ಬಟನ್ ಒಮ್ಮೆ ಒತ್ತಿ ಬಿಡಿ, ಒಳಗೆ ಉಳಿದ ಕರೆಂಟ್ ಹೋಗ್ತದೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಒಂದು ಸಲ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ. ಈಗ ನಾಲ್ಕು ಕಡೆ ನೋಡಿ.

ಒಂದು, ಪ್ರೊಸೆಸರ್‌ನ ಕರೆಂಟ್ ವೈರ್. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಎರಡು ವೈರ್ ಹೋಗ್ತದೆ. 24 ಪಿನ್ನಿನ ದಪ್ಪದ್ದು ಎಲ್ಲರಿಗೂ ಕಾಣ್ತದೆ. ಪ್ರೊಸೆಸರ್ ಹತ್ತಿರ, ಬೋರ್ಡಿನ ಮೇಲಿನ ಮೂಲೆಯಲ್ಲಿ 4 ಅಥವಾ 8 ಪಿನ್ನಿನ ಇನ್ನೊಂದು ಉಂಟು. ಹೀಟ್‌ಸಿಂಕ್ ತೆಗೆಯುವಾಗ ಕೈಗೆ ಅಡ್ಡ ಬಂತು ಅಂತ ಅದನ್ನು ಕಳಚಿ ಇಡ್ತಾರೆ, ವಾಪಸ್ ಹಾಕುವುದು ಮರೆತುಹೋಗ್ತದೆ. ಅದಿಲ್ಲದಿದ್ದರೆ ಫ್ಯಾನ್ ತಿರುಗ್ತದೆ, ಲೈಟ್ ಉರಿಯುತ್ತದೆ, ಪ್ರೊಸೆಸರ್‌ಗೆ ಮಾತ್ರ ಕರೆಂಟೇ ಇಲ್ಲ. ಫ್ಯಾನ್ ತಿರುಗಿದ ಮಾತ್ರಕ್ಕೆ ಪ್ರೊಸೆಸರ್ ಎದ್ದಿದೆ ಅಂತ ಲೆಕ್ಕವಲ್ಲ.

ಎರಡು, ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ? ಇದು ತುಂಬ ಜನ ಸಿಕ್ಕಿಬೀಳುವ ಜಾಗ. ರೈಜನ್ 3 2200ಜಿ ಇತ್ತು ಅಂತಿಟ್ಟುಕೊಳ್ಳಿ. ಅದರ ಒಳಗೇ ಗ್ರಾಫಿಕ್ಸ್ ಉಂಟು, ಕೇಬಲ್ ಬೋರ್ಡಿನ ಎಚ್‌ಡಿಎಂಐಗೆ ಹಾಕಿದ್ದೀರಿ. ಈಗ ಅದರ ಜಾಗಕ್ಕೆ ರೈಜನ್ 5 5500 ಅಥವಾ 5600 ತಂದಿರಿ. ಈ ಎರಡರಲ್ಲೂ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ. ಕಂಪ್ಯೂಟರ್ ಒಳಗೆ ಸರಿಯಾಗಿ ಆನ್ ಆಗಿಯೇ ಇರಬಹುದು, ತೋರಿಸುವ ದಾರಿ ಇಲ್ಲ ಅಷ್ಟೆ. 5600ಜಿ ಆದರೆ ಬರ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ, ಉದಾಹರಣೆಗೆ ಐ5 12400ಎಫ್, ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ಅಗ್ಗ ಅಂತ ತೆಗೆದುಕೊಳ್ಳುವಾಗ ಈ ಒಂದು ಅಕ್ಷರ ಓದಿ.

ಮೂರು, ರ್ಯಾಮ್. ಎರಡನ್ನೂ ತೆಗೆದು, ಒಂದನ್ನೇ ಬೋರ್ಡಿನ ಪುಸ್ತಕ ಹೇಳಿದ ಸ್ಲಾಟಿಗೆ 'ಟಕ್' ಅನ್ನುವವರೆಗೆ ಒತ್ತಿ. ನಮ್ಮದು ಕಡಲ ಬದಿ. ಗಂಗೊಳ್ಳಿ, ಮರವಂತೆ, ಶಿರೂರು ಕಡೆ ಮನೆ ಇದ್ದವರಿಗೆ ಗೊತ್ತು, ಉಪ್ಪು ಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿಯುತ್ತದೆ. ರ್ಯಾಮ್‌ನ ಬಂಗಾರದ ಬಣ್ಣದ ಅಂಚಿನಲ್ಲಿ ಮಂಕು ಕಂಡರೆ ಮೆತ್ತಗಿನ ರಬ್ಬರಿನಿಂದ ಉಜ್ಜಿ, ಪುಡಿ ಸ್ಲಾಟಿಗೆ ಬೀಳದ ಹಾಗೆ ದೂರದಲ್ಲಿ ಒರೆಸಿ. ವರ್ಷಗಟ್ಟಲೆ ಕದಲದೆ ಇದ್ದದ್ದನ್ನು ಒಮ್ಮೆ ಅಲುಗಾಡಿಸಿದಾಗಲೇ ಇಂಥ ಸಂಪರ್ಕ ತಪ್ಪುವುದು.

ನಾಲ್ಕು, ಬಯೋಸ್ ಸೆಟ್ಟಿಂಗ್ ಅಳಿಸುವುದು. ಪ್ಲಗ್ ತೆಗೆದು, ಬೋರ್ಡಿನಲ್ಲಿರುವ ನಾಣ್ಯದಂಥ 3 ವೋಲ್ಟಿನ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ. ಹಳೆಯ ಪ್ರೊಸೆಸರ್‌ಗೆ, ರ್ಯಾಮ್‌ಗೆ ಇಟ್ಟಿದ್ದ ಲೆಕ್ಕಗಳು ಹೋಗಿ ಬೋರ್ಡ್ ಹೊಸದಾಗಿ ಶುರು ಮಾಡ್ತದೆ. ಏಳೆಂಟು ವರ್ಷದ ಬ್ಯಾಟರಿ ಆದರೆ ಹೊಸದೇ ಹಾಕಿ. ಇದರಿಂದ ಆಗುವ ಒಂದು ಅಡ್ಡ ಪರಿಣಾಮ ಉಂಟು, ಡೇಟಾದ ವಿಷಯಕ್ಕೆ ಬಂದಾಗ ಹೇಳ್ತೇನೆ.

ಆನ್ ಮಾಡಿದ ಮೇಲೆ ಸ್ವಲ್ಪ ತಾಳ್ಮೆ ಬೇಕು. ಮೊದಲ ಸಲ ರ್ಯಾಮ್ ಹೊಂದಿಸಿಕೊಳ್ಳಲು ಬೋರ್ಡ್ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಡಿಡಿಆರ್5 ರ್ಯಾಮ್ ಇರುವ ಹೊಸ ಎಎಂ5 ಬೋರ್ಡ್‌ಗಳಲ್ಲಿ ಕೆಲವು ನಿಮಿಷ ಕಪ್ಪು ಪರದೆಯೇ ಇರುವುದೂ ಉಂಟು. ಆ ಹೊತ್ತಿಗೆ ಬಟನ್ ಒತ್ತಿ ಆಫ್ ಮಾಡಬೇಡಿ.

ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ದೀಪ ಇದ್ದರೆ ನಿಮ್ಮ ಅದೃಷ್ಟ. ಯಾವುದರ ಬಳಿ ದೀಪ ನಿಂತಿತೋ ತೊಂದರೆ ಅಲ್ಲೇ. ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ. ಅಂಥದಕ್ಕೆ ಸಣ್ಣ ಬಝರ್ ಒಂದು ಸಿಕ್ಕಿಸಿದರೆ ಬೀಪ್ ಎಣಿಸಿ ತಿಳಿಯಬಹುದು. ಯಾವ ಬೀಪಿಗೆ ಏನರ್ಥ ಅಂತ ಬೋರ್ಡಿನ ಪುಸ್ತಕದಲ್ಲಿ ನೋಡಿ.

ಹಳೆಯ ಪ್ರೊಸೆಸರೇ ದೊಡ್ಡ ಪರೀಕ್ಷೆ

ಇಷ್ಟಾದರೂ ಬರಲಿಲ್ಲ ಅಂದರೆ ಹಳೆಯ ಪ್ರೊಸೆಸರನ್ನು ವಾಪಸ್ ಕೂರಿಸಿ ಆನ್ ಮಾಡಿ.

ಹಳೆಯದರಲ್ಲಿ ಕಂಪ್ಯೂಟರ್ ಎದ್ದರೆ ಬೋರ್ಡ್, ಎಸ್‌ಎಂಪಿಎಸ್, ರ್ಯಾಮ್, ಡಿಸ್ಕ್ ಎಲ್ಲ ಬಚಾವ್. ತೊಂದರೆ ಇರುವುದು ಹೊಸ ಪ್ರೊಸೆಸರ್‌ಗೂ ಬೋರ್ಡಿಗೂ ನಡುವಿನ ಹೊಂದಾಣಿಕೆಯಲ್ಲಿ. ಹಳೆಯದರಲ್ಲೂ ಏಳದಿದ್ದರೆ ಬಿಚ್ಚಿ ಜೋಡಿಸುವಾಗ ಏನೋ ಆಗಿದೆ: ವೈರ್ ಬಿಟ್ಟಿದೆ, ಪಿನ್ ಬಗ್ಗಿದೆ, ರ್ಯಾಮ್ ಸರಿ ಕೂತಿಲ್ಲ. ಹೊಸ ಪ್ರೊಸೆಸರ್ ಮೇಲೆ ತಪ್ಪು ಹೊರಿಸಲು ಆಗ ಆಧಾರವೇ ಇಲ್ಲ.

ಈ ಒಂದು ಪರೀಕ್ಷೆಗೆ ಬೇರೆ ಯಾವ ಸಾಮಾನೂ ಬೇಡ. ಆದ್ದರಿಂದ ಹೊಸದು ಬಂದ ದಿನವೇ ಹಳೆಯದನ್ನು ಮಾರಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಹೊಸದರಲ್ಲಿ ಒಂದು ವಾರ ಕೆಲಸ ಮಾಡಿದ ಮೇಲೆ ಕೊಟ್ಟರಾಯಿತು.

ಸಾಕೆಟ್ ಒಂದೇ, ಆದರೂ ಏಳುವುದಿಲ್ಲ

"ಸಾಕೆಟಿಗೆ ಸರಿಯಾಗಿ ಕೂತಿತಲ್ಲ" ಅಂತ ಕೇಳ್ತಾರೆ. ಕೂರುವುದು ಬೇರೆ, ಏಳುವುದು ಬೇರೆ.

ಇಂಟೆಲ್‌ನ ಉದಾಹರಣೆ ತೆಗೆದುಕೊಳ್ಳಿ. 2015ರ 6ನೇ ತಲೆಮಾರು, 2017ರ ಆರಂಭದ 7ನೇ ತಲೆಮಾರು, ಅದೇ ವರ್ಷ ಅಕ್ಟೋಬರಿನಲ್ಲಿ ಬಂದ 8ನೇ ತಲೆಮಾರು, ಎಲ್ಲದರ ಸಾಕೆಟ್ ಹೆಸರು ಎಲ್‌ಜಿಎ 1151. ಆದರೆ 8ನೇ ತಲೆಮಾರಿಗೆ ಇಂಟೆಲ್ ಕೆಲವು ಪಿನ್ನುಗಳ ಕೆಲಸ ಬದಲಾಯಿಸಿ, ಕರೆಂಟಿಗೆ ಹೆಚ್ಚು ಪಿನ್ ಕೊಟ್ಟಿತು. ಅದಕ್ಕೆ 300 ಸರಣಿಯ ಬೋರ್ಡೇ ಬೇಕು. ಎಚ್110 ಬೋರ್ಡಿಗೆ ಐ5 8400 ಹಾಕಿದರೆ ಕೂರ್ತದೆ, ಏಳುವುದಿಲ್ಲ. ಅದಕ್ಕೆ ತಯಾರಕರು ಕೊಡುವ ಬಯೋಸ್ ಅಪ್‌ಡೇಟೂ ಇಲ್ಲ. ಎಚ್110ರಲ್ಲಿ ಅಧಿಕೃತವಾಗಿ ಹೋಗಬಹುದಾದ್ದು 7ನೇ ತಲೆಮಾರಿನವರೆಗೆ, ಅಂದರೆ ವಿಂಡೋಸ್ 11ರ ಆಸೆಯಿಂದ ಆ ಬೋರ್ಡಿಗೆ ಪ್ರೊಸೆಸರ್ ಕೊಳ್ಳುವುದರಲ್ಲಿ ಅರ್ಥವಿಲ್ಲ. 10ನೇ ತಲೆಮಾರಿನ ಕಾಲದ ಎಚ್410, ಬಿ460 ಚಿಪ್‌ಸೆಟ್‌ಗಳದ್ದೂ ಇದೇ ಕತೆ. ಸಾಕೆಟ್ 1200 ಒಂದೇ ಆದರೂ 11ನೇ ತಲೆಮಾರಿಗೆ ಇಂಟೆಲ್ ಅವುಗಳಿಗೆ ಬೆಂಬಲ ಕೊಡಲಿಲ್ಲ.

ಎಎಂಡಿಯಲ್ಲಿ ಕತೆ ಸ್ವಲ್ಪ ಸಂತೋಷದ್ದು. 2017ರಲ್ಲಿ ರೈಜನ್ ಜೊತೆ ಮನೆಮನೆಗೆ ಬಂದ ಎಎಂ4 ಸಾಕೆಟ್‌ಗೆ 2020ರ ನವೆಂಬರಿನಲ್ಲಿ ರೈಜನ್ 5000 ಸರಣಿ ಬಂತು. 2022ರಲ್ಲಿ ಎ320, ಬಿ350, ಎಕ್ಸ್370 ಎಂಬ ಮೊದಲ ಬೋರ್ಡ್‌ಗಳಿಗೂ ಅದರ ಬೆಂಬಲ ಸಿಕ್ಕಿತು. ಹಾಗಾಗಿ ರೈಜನ್ 3 1200 ತೆಗೆದು 5500 ಹಾಕಿ ವಿಂಡೋಸ್ 11ಕ್ಕೆ ಹೋಗಲು ಸಾಧ್ಯ. ಷರತ್ತು ಒಂದೇ, ಬೋರ್ಡ್ ತಯಾರಕರು ಅದಕ್ಕೆ ಕೊಟ್ಟಿರುವ ಹೊಸ ಬಯೋಸ್ ಮೊದಲೇ ಹಾಕಿರಬೇಕು.

ಬಯೋಸ್ ಅಂದರೆ ಶಾಲೆಯ ಹಾಜರಿ ಪುಸ್ತಕ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ಪ್ರತಿ ಪ್ರೊಸೆಸರ್ ಕುಟುಂಬವನ್ನು ಎಬ್ಬಿಸುವ ಕೋಡ್ ಅದರಲ್ಲಿ ಇರ್ತದೆ. ಪುಸ್ತಕದಲ್ಲಿ ಹೆಸರಿಲ್ಲದವನನ್ನು ಬೋರ್ಡ್ ಕರೆಯುವುದೇ ಇಲ್ಲ. ಫ್ಯಾನ್ ತಿರುಗುತ್ತಾ ಇರ್ತದೆ, ಪರದೆ ಕಪ್ಪು.

ನೋಡುವುದು ಹೇಗೆ? ಬೋರ್ಡಿನ ಮೇಲೆ ಅಚ್ಚಾಗಿರುವ ಪೂರ್ತಿ ಹೆಸರು, ರಿವಿಷನ್ ನಂಬರ್ ಬರೆದುಕೊಳ್ಳಿ. ತಯಾರಕರ ವೆಬ್‌ಸೈಟ್‌ನಲ್ಲಿ ಆ ಬೋರ್ಡಿನ 'ಸಿಪಿಯು ಸಪೋರ್ಟ್' ಪಟ್ಟಿ ತೆರೆಯಿರಿ. ನಿಮ್ಮ ಪ್ರೊಸೆಸರ್ ಹೆಸರಿನ ಎದುರು ಯಾವ ಬಯೋಸ್ ಆವೃತ್ತಿಯಿಂದ ಎಂದು ಬರೆದಿರ್ತದೆ. ನಿಮ್ಮಲ್ಲಿ ಈಗ ಯಾವುದು ಉಂಟು ಅಂತ ವಿಂಡೋಸ್‌ನ 'ಸಿಸ್ಟಮ್ ಇನ್‌ಫರ್ಮೇಶನ್'ನಲ್ಲಿ ಸಿಗ್ತದೆ. ಪಟ್ಟಿಯಲ್ಲಿ ಹೆಸರೇ ಇಲ್ಲವಾದರೆ ಅಂಗಡಿಯವರು, ಯೂಟ್ಯೂಬಿನವರು ಏನು ಹೇಳಿದರೂ ದುಡ್ಡು ಹಾಕಬೇಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲು ಈ ಪಟ್ಟಿ ನೋಡಿ ಮುಗಿಸಿ.

ಬಯೋಸ್ ಅಪ್‌ಡೇಟ್: ಗುಡುಗು ಇರುವ ದಿನ ಬೇಡ

ಹಳೆಯ ಪ್ರೊಸೆಸರ್ ಹಾಕಿಯೇ ಅಪ್‌ಡೇಟ್ ಮಾಡಬೇಕು. ಫ್ಯಾಟ್32 ಮಾಡಿದ ಪೆನ್‌ಡ್ರೈವಿಗೆ ಫೈಲ್ ಹಾಕಿ, ಬಯೋಸ್‌ನ ಒಳಗಿರುವ ಅಪ್‌ಡೇಟ್ ಮೆನುವಿನಿಂದಲೇ ಮಾಡುವುದು ಒಳ್ಳೆಯದು. ಕೆಲವು ಬೋರ್ಡ್‌ಗಳಲ್ಲಿ ನೇರ ಕೊನೆಯ ಆವೃತ್ತಿಗೆ ಹಾರಲಾಗುವುದಿಲ್ಲ, ನಡುವಿನ ಒಂದು ಆವೃತ್ತಿ ಮೊದಲು ಹಾಕಬೇಕು. ಡೌನ್‌ಲೋಡ್ ಪುಟದಲ್ಲಿ ಅದನ್ನು ಬರೆದಿರ್ತಾರೆ. ಹಳೆಯ ಬೋರ್ಡ್‌ಗಳ ಬಯೋಸ್ ಚಿಪ್ 16 ಎಂಬಿಯದ್ದು. ಹೊಸಬರಿಗೆ ಜಾಗ ಮಾಡಲು ಕೆಲವು ಅಪ್‌ಡೇಟ್‌ಗಳಲ್ಲಿ ಹಳೆಯ ಎ ಸರಣಿಯ ಪ್ರೊಸೆಸರ್‌ಗಳ ಬೆಂಬಲ ತೆಗೆದಿದ್ದಾರೆ. ನಿಮ್ಮದು ಆ ಸರಣಿಯದ್ದಾದರೆ ಅಪ್‌ಡೇಟ್ ಆದ ಮೇಲೆ ಹಳೆಯದು ಏಳದೆ ಹೋಗಬಹುದು, ಅದನ್ನು ಓದಿಕೊಂಡು ಮುಂದುವರಿಯಿರಿ.

ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡ್ ಅರ್ಧಕ್ಕೆ ನಿಲ್ತದೆ. ಮೇ ತಿಂಗಳ ಗುಡುಗು, ಜೂನ್ ಜುಲೈಯ ಗಾಳಿ ಮಳೆ ನಮಗೆ ಹೊಸದಾ? ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಅದರ ಬ್ಯಾಟರಿ ಹದಿನೈದು ನಿಮಿಷ ನಿಲ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಹಳೆಯ ಪ್ರೊಸೆಸರ್ ಕೈಬಿಟ್ಟಾಗಿದೆ, ಈಗ ಎಂತ ಮಾಡುದ್? ದಾರಿ ಮೂರು ಉಂಟು. ಬೋರ್ಡಿನ ಹಿಂದೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಆಗ್ತದೆ. ಇಲ್ಲದಿದ್ದರೆ ಹಳೆಯ ರೈಜನ್ ಇಟ್ಟುಕೊಂಡ ಅಂಗಡಿಯಲ್ಲಿ ಅರ್ಧ ಗಂಟೆಗೆ ಅದನ್ನು ಹಾಕಿ ಮಾಡಿಕೊಡಬಹುದು. ಅದೂ ಆಗದಿದ್ದರೆ ಲ್ಯಾಪ್‌ಟಾಪ್ ಚಿಪ್ ಕೆಲಸ ಮಾಡುವವರ ಹತ್ತಿರ ಬಯೋಸ್ ಪ್ರೋಗ್ರಾಮರ್ ಇರ್ತದೆ, ಅದರಿಂದ ನೇರ ಚಿಪ್ಪಿಗೇ ಬರೆಯಬಹುದು. ಮೂರರಲ್ಲಿ ಯಾವುದೂ ಹೊಸ ಬೋರ್ಡಿನಷ್ಟು ದುಬಾರಿಯಲ್ಲ.

ಪಿನ್, ಪೇಸ್ಟ್, ಫ್ಯಾನ್

ಎಎಂ4 ಪ್ರೊಸೆಸರ್‌ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇರುವುದು. ಹಳೆಯ ಪೇಸ್ಟ್ ಒಣಗಿ ಅಂಟಿನ ಹಾಗೆ ಹಿಡಿದಿರ್ತದೆ. ಹೀಟ್‌ಸಿಂಕ್ ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿರುವಾಗಲೇ ಪ್ರೊಸೆಸರ್ ಕಿತ್ತು ಜೊತೆಗೆ ಬರಬಹುದು. ಬಿಚ್ಚುವ ಮೊದಲು ಹತ್ತು ಹದಿನೈದು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಹೀಟ್‌ಸಿಂಕನ್ನು ಎಡಬಲ ಮೆಲ್ಲ ತಿರುಗಿಸಿ ಬಿಡಿಸಿ. ಪಿನ್ ಸ್ವಲ್ಪ ಬಗ್ಗಿದ್ದರೆ ಬೆಳಕಿನಲ್ಲಿ ಸಾಲು ನೋಡಿ, ತೆಳು ಬ್ಲೇಡಿನಿಂದ ನಿಧಾನ ನೆಟ್ಟಗೆ ಮಾಡಲಾಗುತ್ತದೆ. ಇಂಟೆಲ್‌ನಲ್ಲಿ ಪಿನ್ ಬೋರ್ಡಿನ ಸಾಕೆಟ್ ಒಳಗೆ, ಕೂದಲಿನಷ್ಟು ಸಪೂರ. ಅಲ್ಲಿ ಬಗ್ಗಿದ್ದರೆ ಮನೆಯಲ್ಲಿ ಕೈ ಹಾಕುವುದು ಬೇಡ.

ಆನ್ ಆಗಿ ಅರ್ಧ ನಿಮಿಷಕ್ಕೋ ಎರಡು ನಿಮಿಷಕ್ಕೋ ತಾನೇ ಆಫ್ ಆಗ್ತದೆ ಅಂದರೆ ಅದು ಬಿಸಿಯ ತೊಂದರೆ. ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ, ಪೇಸ್ಟ್ ಹಾಕಿದ್ದೀರಾ, ನಾಲ್ಕೂ ಮೂಲೆ ಸಮನಾಗಿ ಬಿಗಿದಿದೆಯಾ, ಫ್ಯಾನ್ ವೈರ್ 'ಸಿಪಿಯು ಫ್ಯಾನ್' ಅಂತ ಬರೆದಲ್ಲೇ ಇದೆಯಾ ನೋಡಿ. ಬೇರೆ ಕಡೆ ಸಿಕ್ಕಿಸಿದರೆ ಕೆಲವು ಬೋರ್ಡ್‌ಗಳು ಫ್ಯಾನ್ ಎರರ್ ತೋರಿಸಿ ಅಲ್ಲೇ ನಿಲ್ತವೆ.

ಎದ್ದ ಮೇಲೆ ಕೇಳುವ ಪ್ರಶ್ನೆ

ಈಗ ಎಲ್ಲಕ್ಕಿಂತ ಮುಖ್ಯವಾದ ಭಾಗ. ಕಂಪ್ಯೂಟರ್ ಎದ್ದಿತು, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಂದೇಶ: ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ ರಿಸೆಟ್ ಮಾಡಲು 'ವೈ' ಒತ್ತಿ, ಬೇಡವಾದರೆ 'ಎನ್' ಒತ್ತಿ. ಎಎಂಡಿಯಲ್ಲಿ ಇದು ಸಾಮಾನ್ಯ. ಡಿಸ್ಕಿನ ಬೀಗದ ಕೈಯನ್ನು ಎಫ್‌ಟಿಪಿಎಂ ಕಾಯ್ತದೆ, ಅದು ಇರುವುದು ಪ್ರೊಸೆಸರ್ ಜೊತೆಗೆ. ಡಿಸ್ಕಿಗೆ ಬಿಟ್‌ಲಾಕರ್ ಇಲ್ಲದಿದ್ದರೆ 'ವೈ' ಒತ್ತಿ, ಡಿಸ್ಕಿನಲ್ಲಿರುವ ಫೈಲುಗಳಿಗೆ ಏನೂ ಆಗುವುದಿಲ್ಲ. ಬಿಟ್‌ಲಾಕರ್ ಇದ್ದು 'ವೈ' ಒತ್ತಿದರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳ್ತದೆ. ಅದು ಸಿಗದಿದ್ದರೆ ಡಿಸ್ಕಿನಲ್ಲಿರುವುದನ್ನು ತೆರೆಯಲು ಯಾವ ಅಂಗಡಿಯವರಿಂದಲೂ ಆಗುವುದಿಲ್ಲ. ಗೊತ್ತಿಲ್ಲದಿದ್ದರೆ 'ಎನ್' ಒತ್ತಿ, ಆಫ್ ಮಾಡಿ, ಹಳೆಯ ಪ್ರೊಸೆಸರ್ ಹಾಕಿ ಮೊದಲು ಕೀ ಹುಡುಕಿ.

"ನಾನು ಬಿಟ್‌ಲಾಕರ್ ಹಾಕಲೇ ಇಲ್ಲ" ಅಂತ ನೀವು ಹೇಳಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಅನೇಕ ಮಷಿನ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿ ಶುರುವಾಗ್ತದೆ. ಆಗ ಕೀ ಅದೇ ಅಕೌಂಟಿನಲ್ಲಿ ಇರ್ತದೆ. ಆ ಅಕೌಂಟ್ ಯಾರದ್ದು? ನಿಮ್ಮದಾ, ಇನ್‌ಸ್ಟಾಲ್ ಮಾಡಿಕೊಟ್ಟ ಹುಡುಗನದ್ದಾ? ಇದನ್ನು ಇವತ್ತೇ ನೋಡಿ.

ಇನ್ನೊಂದು ಸಂದರ್ಭ ಉಂಟು. ಬಯೋಸ್ ಬರ್ತದೆ, ಆದರೆ 'ಬೂಟ್ ಡಿವೈಸ್ ಸಿಗಲಿಲ್ಲ' ಅನ್ನುತ್ತದೆ. ಬ್ಯಾಟರಿ ತೆಗೆದಾಗ ಅಥವಾ ಬಯೋಸ್ ಅಪ್‌ಡೇಟ್ ಆದಾಗ ಸೆಟ್ಟಿಂಗ್ ಅಳಿದುಹೋಗ್ತದೆ ಅಂದೆನಲ್ಲ, ಅದರ ಅಡ್ಡ ಪರಿಣಾಮ ಇದು. ಹಳೆಯ ವಿಂಡೋಸ್ ಲೆಗಸಿ ಕ್ರಮದಲ್ಲಿ ಇನ್‌ಸ್ಟಾಲ್ ಆಗಿದ್ದು, ಬಯೋಸ್ ಈಗ ಯುಇಎಫ್ಐ ಮಾತ್ರ ನೋಡುತ್ತಿದ್ದರೆ ಡಿಸ್ಕ್ ಖಾಲಿ ಇದ್ದಂತೆ ಕಾಣ್ತದೆ. ಫೈಲುಗಳು ಅಲ್ಲೇ ಉಂಟು. ಬಯೋಸ್‌ನಲ್ಲಿ ಸಿಎಸ್‌ಎಂ ಆನ್ ಮಾಡಿದರೆ ಹೆಚ್ಚಾಗಿ ವಾಪಸ್ ಬರ್ತದೆ. ಆ ಹೊತ್ತಿಗೆ ಯಾರಾದರೂ "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು" ಅಂದರೆ ಅಲ್ಲೇ ನಿಲ್ಲಿಸಿ. ಮದುವೆ ಸೀಸನ್ನಿನ ಮೂರು ತಿಂಗಳ ಫೋಟೋ, ಟ್ಯಾಲಿಯ ಐದು ವರ್ಷದ ಲೆಕ್ಕ ಒಂದು ಸೆಟ್ಟಿಂಗ್‌ಗೋಸ್ಕರ ಹೋಗಬಾರದು. ಮೊದಲು ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಕಾಪಿ ತೆಗೆದುಕೊಡಿ ಅಂತ ಕೇಳಿ.

ಹೊಸ ಪ್ರೊಸೆಸರ್ ತರುವ ಮೊದಲು

ಇನ್ನೂ ಕೊಳ್ಳದವರು ಈ ಕ್ರಮ ಹಿಡಿಯಿರಿ. ಮೊದಲು ಬೋರ್ಡಿನ ಬೆಂಬಲ ಪಟ್ಟಿ. ಆಮೇಲೆ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಉಂಟಾ ಇಲ್ಲವಾ. ಆಮೇಲೆ ಬೇಕಾದ ಫೈಲುಗಳೆಲ್ಲ ಬೇರೆ ಡಿಸ್ಕಿಗೆ. ಬಿಟ್‌ಲಾಕರ್ ಇದ್ದರೆ ಕೀ ಬರೆದಿಟ್ಟು, ಅದನ್ನು ಸಸ್ಪೆಂಡ್ ಮಾಡಿ, ಇನ್ನೂ ಒಳ್ಳೆಯದೆಂದರೆ ಪೂರ್ತಿ ಆಫ್ ಮಾಡಿ. ಬಯೋಸ್‌ನ ಒಂದೊಂದು ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಬಯೋಸ್ ಅಪ್‌ಡೇಟ್ ಮಾಡಿ, ಹಳೆಯ ಪ್ರೊಸೆಸರಿನಲ್ಲೇ ಕಂಪ್ಯೂಟರ್ ಮೊದಲಿನ ಹಾಗೆ ಏಳ್ತದಾ ನೋಡಿ. ಆಮೇಲೆಯೇ ಸ್ಕ್ರೂ ಬಿಚ್ಚಿ.

ನಿಮ್ಮದು ಎಚ್110ರಂಥ ಬೋರ್ಡ್ ಆಗಿದ್ದು ವಿಂಡೋಸ್ 11ರ ದಾರಿ ಇಲ್ಲ ಅಂತಾದರೆ, ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ ಘೋಷಿಸಿದೆ. ಸೇರಿಕೊಂಡು, ಬೋರ್ಡ್, ಪ್ರೊಸೆಸರ್, ರ್ಯಾಮ್ ಮೂರನ್ನೂ ಒಟ್ಟಿಗೆ ಬದಲಾಯಿಸಲು ದುಡ್ಡು ಕೂಡಿಸಿ. ಸೇರದ ಪ್ರೊಸೆಸರ್ ಒಂದಕ್ಕೆ ಈಗ ಹಾಕಿದ ದುಡ್ಡು ಅದರಲ್ಲೇ ಕಡಿಮೆ ಬೀಳ್ತದೆ.

ಅಂಗಡಿಗೆ ಒಯ್ಯುವುದಾದರೆ ಹಳೆಯ ಪ್ರೊಸೆಸರ್, ಬೋರ್ಡಿನ ಹೆಸರು, ನೀವು ಇಲ್ಲಿಯವರೆಗೆ ಏನೇನು ಮಾಡಿ ನೋಡಿದಿರಿ ಎಂಬ ಚೀಟಿ, ಮೂರನ್ನೂ ಒಟ್ಟಿಗೆ ಒಯ್ಯಿರಿ. ಶಿರೂರಿನಿಂದ ಕುಂದಾಪುರಕ್ಕೆ ಎರಡು ಸಲ ಕ್ಯಾಬಿನೆಟ್ ಹೊತ್ತು ಬಸ್ ಹತ್ತುವುದು ತಪ್ಪುತ್ತದೆ.

ಈ ಸಂಚಿಕೆ ಇಷ್ಟೇ.